ಕಬುಕಿ ನಟರ ಮರದಚ್ಚು ಚಿತ್ರಗಳನ್ನು ಗುರುತಿಸಿ ಓದುವ ಬಗೆ

ಹದಿನೇಳನೆಯ ಶತಮಾನದ ಕೊನೆಯಿಂದ ಸುಮಾರು ಇನ್ನೂರು ವರ್ಷಗಳ ಕಾಲ ಜಪಾನಿನ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಕಬುಕಿ ನಾಟಕದ ನಟರ ಚಿತ್ರಗಳನ್ನು ಮರದ ಅಚ್ಚಿನಿಂದ ಮುದ್ರಿಸಿ ಅಂಗಡಿಗಳಲ್ಲಿ ಮಾರುತ್ತಿದ್ದರು. ಜಪಾನೀ ಭಾಷೆಯಲ್ಲಿ ಇವಕ್ಕೆ ‘ಯಾಕುಶಾ-ಎ’ ಎಂದು ಹೆಸರು. ಇವುಗಳಲ್ಲಿ ಹೆಚ್ಚಿನವು ಒಂದು ನಿರ್ದಿಷ್ಟ ರಂಗಮಂದಿರದಲ್ಲಿ, ಒಂದು ನಿರ್ದಿಷ್ಟ ತಿಂಗಳಲ್ಲಿ ನಡೆದ ಪ್ರದರ್ಶನಕ್ಕೆ ಅಂಟಿಕೊಂಡು ಹುಟ್ಟಿದವು. ನಾಟಕ ಓಡುತ್ತಿರುವಾಗಲೇ ಖರ್ಚಾಗಬೇಕಾದ ಸರಕು ಅವು. ಹೊಸದಾಗಿ ನೋಡುವವರ ಕಣ್ಣು ಸಹಜವಾಗಿ ಮೊದಲು ಮುಖಕ್ಕೆ ಹೋಗುತ್ತದೆ, ಸೊಟ್ಟ ಬಾಯಿ, ಸೇರಿಕೊಂಡ ಕಣ್ಣುಗುಡ್ಡೆಗಳಿಗೆ ಬೆರಗಾಗಿ ಅಲ್ಲಿಯೇ ನಿಂತುಬಿಡುತ್ತದೆ. ಈ ಬರಹದ ಸಲಹೆ ಇದಕ್ಕೆ ವಿರುದ್ಧವಾದದ್ದು: ಮುಖವನ್ನು ಕೊನೆಗೆ ಇಟ್ಟುಕೊಳ್ಳಿ. ನಟ ಯಾರು, ಪಾತ್ರ ಯಾವುದು, ಯಾವ ವರ್ಷದ ಯಾವ ಪ್ರದರ್ಶನ ಎಂಬುದನ್ನು ಚಿತ್ರದ ಉಳಿದ ಭಾಗಗಳಿಂದ ಪತ್ತೆ ಹಚ್ಚಿದ ಮೇಲೆ ಮುಖವನ್ನು ನೋಡಿದರೆ, ಕಲಾವಿದ ಅಲ್ಲಿ ಏನು ಮಾಡಿದ್ದಾನೆಂಬುದು ಆಗ ಮಾತ್ರ ಸರಿಯಾಗಿ ಕಾಣುತ್ತದೆ.

ಅಭ್ಯಾಸಕ್ಕೆ ಮೂಲಚಿತ್ರ ಕೈಯಲ್ಲಿರಬೇಕೆಂದಿಲ್ಲ. ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದ ರಂಗಭೂಮಿ ವಸ್ತುಸಂಗ್ರಹಾಲಯ, ಕ್ಯೋಟೊದ ರಿತ್ಸುಮೈಕಾನ್ ವಿಶ್ವವಿದ್ಯಾಲಯದ ಕಲಾ ಸಂಶೋಧನಾ ಕೇಂದ್ರ, ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಮತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತಮ್ಮ ಸಂಗ್ರಹದ ಸಾವಿರಾರು ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ದೊಡ್ಡದು ಮಾಡಿ ನೋಡಬಲ್ಲ ಒಂದು ಚಿತ್ರವನ್ನು ಆರಿಸಿಕೊಳ್ಳಿ, ಅದರ ಕೆಳಗಿನ ವಿವರಣೆಯನ್ನು ಮುಚ್ಚಿಡಿ, ನಿಮ್ಮ ಊಹೆಯನ್ನು ಬರೆದುಕೊಂಡ ನಂತರವೇ ಅದನ್ನು ತೆರೆಯಿರಿ.

ಹಾಳೆಯ ಅಳತೆ

ಮೊದಲು ಹಾಳೆಯ ಆಕಾರವನ್ನು ಗಮನಿಸಬೇಕು, ಏಕೆಂದರೆ ಅದೊಂದರಿಂದಲೇ ಕಾಲದ ಅಂದಾಜು ಸಿಗುವುದುಂಟು. ಸುಮಾರು 33 ಸೆಂಟಿಮೀಟರ್ ಎತ್ತರ, 15 ಸೆಂಟಿಮೀಟರ್ ಅಗಲದ ಕಿರಿದಾದ ಹಾಳೆಯನ್ನು ಹೊಸೊಬಾನ್ ಎನ್ನುತ್ತಾರೆ; ಹದಿನೆಂಟನೆಯ ಶತಮಾನದಲ್ಲಿ ನಟರ ಚಿತ್ರಗಳಿಗೆ ಇದೇ ರೂಢಿಯ ಅಳತೆ. ಸುಮಾರು 38ಕ್ಕೆ 25 ಸೆಂಟಿಮೀಟರಿನ ಓಬಾನ್ ಹಾಳೆ 1790ರ ದಶಕದಿಂದ ಮೇಲುಗೈ ಪಡೆಯಿತು. ಅದರ ಅರ್ಧದಷ್ಟಿರುವ ಚೂಬಾನ್ ಹಾಳೆಯಲ್ಲಿ ನಟನ ಚಿತ್ರ ಕಂಡರೆ ಒಸಾಕಾ ನಗರವನ್ನು ನೆನಪಿಸಿಕೊಳ್ಳಿ. 1840ರ ದಶಕದ ಕೊನೆಯಿಂದ ಹಿರೊಸಾದಾ ಮೊದಲಾದ ಅಲ್ಲಿನ ಕಲಾವಿದರು ಹೆಚ್ಚಾಗಿ ಈ ಅಳತೆಯಲ್ಲಿ ಕೆಲಸ ಮಾಡಿದರು.

ಹಾಳೆ ಒಂಟಿಯೋ ಗುಂಪಿನದೋ ಎಂಬುದನ್ನು ಕೂಡಲೇ ಪರೀಕ್ಷಿಸಿ. ಬೇಲಿ, ಮರದ ಕೊಂಬೆ, ಹೊಳೆಯ ದಂಡೆ, ಉಡುಪಿನ ಅಂಚು ಇವುಗಳಲ್ಲಿ ಯಾವುದಾದರೂ ಹಾಳೆಯ ತುದಿಯಲ್ಲಿ ತಟ್ಟನೆ ಕಡಿದು ನಿಂತಿದ್ದರೆ, ಅಥವಾ ನಟ ಹಾಳೆಯ ಹೊರಗೆ ಯಾರನ್ನೋ ದುರುಗುಟ್ಟಿ ನೋಡುತ್ತಿದ್ದರೆ, ಪಕ್ಕದಲ್ಲಿ ಇನ್ನೊಂದು ಹಾಳೆ ಇದ್ದಿರಬೇಕು. ಎರಡು, ಮೂರು, ಒಮ್ಮೊಮ್ಮೆ ಐದು ಹಾಳೆಗಳ ಜೋಡಣೆಗಳು ಮುಂದೆ ಚದುರಿಹೋಗಿ, ಒಂದೊಂದೇ ಹಾಳೆ ಬೇರೆ ಬೇರೆ ಸಂಗ್ರಹಗಳಲ್ಲಿ ಉಳಿದಿರುವುದು ಸಾಮಾನ್ಯ.

ಲಾಂಛನವೇ ನಟನ ವಿಳಾಸ

ನಟನನ್ನು ಗುರುತಿಸಲು ಜಪಾನೀ ಲಿಪಿ ಬಾರದವರಿಗೂ ಒದಗುವ ಅತ್ಯಂತ ಭರವಸೆಯ ಸಾಧನವೆಂದರೆ ಲಾಂಛನ. ಇದನ್ನು ‘ಮೊನ್’ ಎನ್ನುತ್ತಾರೆ. ಪ್ರತಿಯೊಂದು ನಟವಂಶಕ್ಕೂ ತನ್ನದೇ ಲಾಂಛನವಿತ್ತು, ಕಲಾವಿದರು ಅದನ್ನು ತೋಳಿನ ಮೇಲೆ, ಎದೆಯ ಮೇಲೆ, ಬೀಸಣಿಗೆಯಲ್ಲಿ, ಕಂದೀಲಿನಲ್ಲಿ, ಕೆಲವೊಮ್ಮೆ ಬಟ್ಟೆಯ ಹೆಣಿಗೆಯೊಳಗೇ ಅಡಗಿಸಿ ತೋರಿಸುತ್ತಿದ್ದರು. ಒಂದರೊಳಗೊಂದು ಕೂತ ಮೂರು ಚೌಕಗಳು ಕಂಡರೆ ಅದು ಇಚಿಕಾವಾ ದಂಜೂರೊ ವಂಶದ ‘ಮಿಮಾಸು’. ಅಕ್ಕಿ ಅಳೆಯುವ ಚೌಕದ ಮಾಪುಗಳನ್ನು ಮೇಲಿನಿಂದ ನೋಡಿದ ನೋಟವದು, ನಮ್ಮ ಸೇರಿನೊಳಗೆ ಅಚ್ಚೇರು, ಅಚ್ಚೇರಿನೊಳಗೆ ಪಾವು ಇಟ್ಟ ಹಾಗೆ. ಮೂರು ಬೀಸಣಿಗೆಗಳು ಇವಾಯ್ ಹನ್‌ಶಿರೊ ವಂಶದವು; ಒಂದರ ಮೇಲೊಂದು ಇಟ್ಟ ಬೀಸಣಿಗೆಗಳ ಜೊತೆಗೆ ಓಕ್ ಎಲೆಗಳಿದ್ದರೆ ಒನೊಯೆ ಕಿಕುಗೊರೊ ವಂಶ; ಕಟ್ಟಿದ ರೇಷ್ಮೆಯ ಹಂಜಿಯಂತಿರುವುದು ಸೆಗಾವಾ ಕಿಕುನೊಜೊ ವಂಶ; ಕಿತ್ತಳೆ ಜಾತಿಯ ಹಣ್ಣು ಮತ್ತು ಎಲೆ ಇಚಿಮುರಾ ಉಜಾಎಮೊನ್ ವಂಶ. ಕೈಕಾಲು ಚಾಚಿದ ಮನುಷ್ಯನಂತೆ ಕಾಣುವ ಅಕ್ಷರವೊಂದು ಮೂರು ಸಲ ಬಂದರೆ ಬಂದೊ ಮಿತ್ಸುಗೊರೊ ವಂಶ. ಈ ಆರು ಲಾಂಛನಗಳನ್ನು ಮನದಟ್ಟು ಮಾಡಿಕೊಂಡವರಿಗೆ ಹತ್ತೊಂಬತ್ತನೆಯ ಶತಮಾನದ ಚಿತ್ರಗಳಲ್ಲಿ ಪರಿಚಿತರು ಮತ್ತೆ ಮತ್ತೆ ಎದುರಾಗುತ್ತಾರೆ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಒಂದು, ಪಾತ್ರಕ್ಕೂ ಲಾಂಛನ ಇರಬಹುದು. ಇತಿಹಾಸದ ಯಾವುದೋ ಯೋಧಕುಲದ ಪಾತ್ರ ವಹಿಸಿದ ನಟ ಆ ಕುಲದ ಗುರುತನ್ನು ಧರಿಸಿರುತ್ತಾನೆ. ಹಾಗಾಗಿ ಒಂದೇ ಉಡುಪಿನ ಮೇಲೆ ಎರಡು ಲಾಂಛನ ಕಂಡರೆ ಯಾವುದು ನಟನದು, ಯಾವುದು ಪಾತ್ರದ್ದು ಎಂದು ಬೇರ್ಪಡಿಸಬೇಕು. ಎರಡು, ಲಾಂಛನ ವಂಶವನ್ನು ಹೇಳುತ್ತದೆ, ತಲೆಮಾರನ್ನು ಹೇಳುವುದಿಲ್ಲ. ಕಬುಕಿಯಲ್ಲಿ ಹೆಸರು ಆನುವಂಶಿಕ ಆಸ್ತಿ. ದಂಜೂರೊ ಎಂಬ ಹೆಸರನ್ನು ಹೊತ್ತ ಹದಿಮೂರನೆಯವರು 2022ರಲ್ಲಿ ಆ ಪಟ್ಟ ಏರಿದ್ದಾರೆ. ಒಬ್ಬನೇ ನಟ ಬದುಕಿನಲ್ಲಿ ಮೂರು ನಾಲ್ಕು ಹೆಸರು ಬದಲಿಸುವುದೂ ಇತ್ತು. ಆದ್ದರಿಂದ ‘ಇದು ದಂಜೂರೊ’ ಎಂದಷ್ಟೇ ಬರೆದರೆ ಏನನ್ನೂ ಹೇಳಿದಂತಾಗದು. ಎಷ್ಟನೆಯ ದಂಜೂರೊ ಎಂಬುದು ಚಿತ್ರದ ಕಾಲ ತಿಳಿದ ಮೇಲೆ ಇತ್ಯರ್ಥವಾಗಬೇಕು.

ಉಡುಪು, ಬಣ್ಣ ಮತ್ತು ನೇರಳೆ ವಸ್ತ್ರ

ಪಾತ್ರದ ಬಗೆಯನ್ನು ಉಡುಪು ಮತ್ತು ಮುಖವರ್ಣಿಕೆಯಿಂದ ತಿಳಿಯಬಹುದು. ಮೊದಲನೆಯ ದಂಜೂರೊ ಎಡೊದಲ್ಲಿ ಬೆಳೆಸಿದ ಅಬ್ಬರದ ಅಭಿನಯಶೈಲಿಗೆ ‘ಅರಗೊತೊ’ ಎಂದು ಹೆಸರು. ಅದರಲ್ಲಿ ಮುಖದ ಮೇಲೆ ಎಳೆಯುವ ಗೆರೆಗಳು ಕೆಂಪಾಗಿದ್ದರೆ ವೀರ ಮತ್ತು ನ್ಯಾಯದ ಪಕ್ಷ, ನೀಲಿಯಾಗಿದ್ದರೆ ಕೇಡಿಗ ಅಥವಾ ಪ್ರೇತ, ಕಂದಾಗಿದ್ದರೆ ಮನುಷ್ಯರಲ್ಲದ ಭೂತಪಿಶಾಚಿಗಳು. ಇಟ್ಟಿಗೆಗೆಂಪು ಬಣ್ಣದ, ಹಲಗೆಯಂತೆ ಚಾಚಿಕೊಂಡ ಭಾರಿ ತೋಳುಗಳ ಮೇಲೆ ದೊಡ್ಡ ಮಿಮಾಸು ಕಂಡರೆ ಅದು ‘ಶಿಬರಾಕು’ ಪ್ರಸಂಗವೆಂದು ಧೈರ್ಯವಾಗಿ ಹೇಳಬಹುದು. ಕೊಲೆ ನಡೆಯುವ ಕ್ಷಣದಲ್ಲಿ ‘ತಡೆಯಿರಿ’ ಎಂದು ಕೂಗುತ್ತ ನಾಯಕ ಪ್ರವೇಶಿಸುವ ದೃಶ್ಯ ಅದು.

ಹೆಣ್ಣಿನ ಚಿತ್ರ ಕಂಡಾಗ ಅದು ರಂಗದ ಹೆಣ್ಣೋ ಊರಿನ ಹೆಣ್ಣೋ ಎಂಬ ಪ್ರಶ್ನೆ ಏಳುತ್ತದೆ. 1629ರಲ್ಲಿ ಆಡಳಿತವು ಹೆಂಗಸರು ಕಬುಕಿ ಆಡುವುದನ್ನು ನಿಷೇಧಿಸಿತು. 1652ರಲ್ಲಿ ಹದಿಹರೆಯದ ಹುಡುಗರ ಕಬುಕಿಯೂ ನಿಂತಿತು, ಮುಂದೆ ನಟರು ಹಣೆಯ ಮೇಲಿನ ಕೂದಲನ್ನು ಬೋಳಿಸಿಕೊಳ್ಳಬೇಕಾಯಿತು. ಬೋಳಾದ ಆ ಭಾಗವನ್ನು ಸ್ತ್ರೀವೇಷದ ನಟರು, ಅಂದರೆ ‘ಒನ್ನಗಾತಾ’ಗಳು, ನೇರಳೆ ಬಣ್ಣದ ಸಣ್ಣ ರೇಷ್ಮೆವಸ್ತ್ರದಿಂದ ಮುಚ್ಚಿಕೊಂಡರು. ಚಿತ್ರದ ಹೆಣ್ಣಿನ ಹಣೆಯ ಮೇಲೆ ಅಂಥ ತುಂಡು ಬಟ್ಟೆ ಇದ್ದರೆ ಅವಳು ಸ್ತ್ರೀವೇಷದ ನಟ. ಹಳೆಯ ಪ್ರತಿಗಳಲ್ಲಿ ನೇರಳೆ ಮಾಸಿ ಬೂದಿ ಅಥವಾ ಕಂದು ಬಣ್ಣಕ್ಕೆ ತಿರುಗಿರುವುದರಿಂದ ಬಣ್ಣಕ್ಕಿಂತ ಆಕಾರವನ್ನೇ ನಂಬುವುದು ಮೇಲು.

ಬರಹ ಮತ್ತು ಮುದ್ರೆಗಳು

ಚಿತ್ರದೊಳಗಿನ ಬರಹದಲ್ಲಿ ಸಾಮಾನ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ: ಪಾತ್ರದ ಹೆಸರು, ನಟನ ಹೆಸರು, ಕಲಾವಿದನ ಸಹಿ, ಪ್ರಕಾಶಕನ ಗುರುತು. ಎಲ್ಲವೂ ಎಲ್ಲ ಕಾಲದಲ್ಲೂ ಇರುವುದಿಲ್ಲ, ಇಲ್ಲದಿರುವುದೂ ಒಂದು ಸಾಕ್ಷ್ಯವೇ. 1842ರಲ್ಲಿ ತೆಂಪೊ ಸುಧಾರಣೆಗಳ ಹೆಸರಿನಲ್ಲಿ ಆಡಳಿತವು ನಟರ ಮತ್ತು ಗಣಿಕೆಯರ ಚಿತ್ರಗಳನ್ನು ನಿಷೇಧಿಸಿತು, ಏಳನೆಯ ದಂಜೂರೊನನ್ನು ಅದ್ದೂರಿ ಬದುಕಿನ ಆರೋಪ ಹೊರಿಸಿ ಎಡೊದಿಂದ ಗಡೀಪಾರು ಮಾಡಿತು, ರಂಗಮಂದಿರಗಳನ್ನು ನಗರದ ನಡುವಿನಿಂದ ಎತ್ತಿ ಅಸಾಕುಸಾದ ಬಳಿಗೆ ಸಾಗಹಾಕಿತು. ಕೆಲವೇ ವರ್ಷಗಳಲ್ಲಿ ಬಿಗಿ ಸಡಿಲವಾಗಿ ಚಿತ್ರಗಳು ಮತ್ತೆ ಬಂದರೂ, ಪ್ರಕಾಶಕರು ಬಹುಕಾಲ ನಟನ ಹೆಸರನ್ನು ಅಚ್ಚು ಹಾಕದೆ ಪಾತ್ರದ ಹೆಸರನ್ನಷ್ಟೇ ಹಾಕಿದರು. ಹೆಸರಿಲ್ಲದಿದ್ದರೂ ಮುಖ ನೋಡಿದ ಯಾವ ಗಿರಾಕಿಗೂ ನಟ ಯಾರೆಂದು ತಿಳಿಯುತ್ತಿತ್ತು. ಕಾನೂನು ಕಾಗದದ ಮೇಲೆ ಗೆದ್ದಿತ್ತು, ಅಷ್ಟೆ.

ಇಸವಿಯನ್ನು ಗೊತ್ತುಮಾಡುವ ಕೆಲಸ ಮುದ್ರೆಗಳದು, ಈ ಭಾಗಕ್ಕೆ ತುಸು ತಾಳ್ಮೆ ಬೇಕು. 1790ರ ನಂತರ ಎಡೊದಲ್ಲಿ ಪ್ರತಿ ಚಿತ್ರದ ಕರಡೂ ಪರಿಶೀಲನೆಗೆ ಒಳಗಾಗಬೇಕಿತ್ತು, ಒಪ್ಪಿಗೆಯ ಗುರುತು ಅಚ್ಚಿನಲ್ಲಿಯೇ ಕೆತ್ತಿರಬೇಕಿತ್ತು. ಒಂದೇ ಅಕ್ಷರವಿರುವ ಸಣ್ಣ ದುಂಡನೆಯ ‘ಕಿವಾಮೆ’ ಮುದ್ರೆ ಇದ್ದರೆ ಚಿತ್ರ 1791 ಮತ್ತು 1842ರ ನಡುವಿನದು. ‘ನಾನುಶಿ’ ಎಂಬ ಪೇಟೆಯ ಮುಖಂಡರ ಹೆಸರಿನ ಮುದ್ರೆ ಒಂದೇ ಇದ್ದರೆ 1843ರಿಂದ 1847, ಎರಡು ಇದ್ದರೆ 1847ರಿಂದ 1852. ಆ ಎರಡರ ಜೊತೆಗೆ ಮೂರನೆಯದಾಗಿ ತಿಂಗಳ ಮುದ್ರೆಯೂ ಸೇರಿದ್ದರೆ 1852 ಅಥವಾ 1853. ಅಲ್ಲಿಂದ 1857ರ ಕೊನೆಯವರೆಗೆ ‘ಅರತಾಮೆ’ ಎಂಬ ಪರಿಶೀಲನಾ ಮುದ್ರೆಯೂ ತಿಂಗಳ ಮುದ್ರೆಯೂ ಬೇರೆ ಬೇರೆಯಾಗಿ ಬರುತ್ತವೆ, 1858ರಲ್ಲಿ ತಿಂಗಳ ಮುದ್ರೆ ಒಂದೇ ಉಳಿಯುತ್ತದೆ, 1859ರಿಂದ 1870ರ ದಶಕದ ಆರಂಭದವರೆಗೆ ಅರತಾಮೆಯೂ ತಿಂಗಳೂ ಒಂದೇ ವೃತ್ತದೊಳಗೆ ಸೇರಿಕೊಳ್ಳುತ್ತವೆ.

ತಿಂಗಳ ಮುದ್ರೆಯಲ್ಲಿ ವರ್ಷಕ್ಕೆ ಅಂಕಿ ಇರುವುದಿಲ್ಲ, ಹನ್ನೆರಡು ಪ್ರಾಣಿಗಳ ಆವರ್ತದ ಒಂದು ಅಕ್ಷರವಿರುತ್ತದೆ. 1852 ಇಲಿಯ ವರ್ಷ. ಅಲ್ಲಿಂದ ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಕುರಿ, ಕೋತಿ, ಕೋಳಿ, ನಾಯಿ, ಹಂದಿ ಎಂದು ಎಣಿಸುತ್ತ ಹೋದರೆ 1863ಕ್ಕೆ ಮುಗಿದು, 1864ರಲ್ಲಿ ಮತ್ತೆ ಇಲಿ ಬರುತ್ತದೆ. ಹಾಗಿದ್ದರೆ ಇಲಿಯ ಗುರುತಿರುವ ಚಿತ್ರ 1852ರದೋ 1864ರದೋ ಎಂಬ ಗೊಂದಲವನ್ನು ಮುದ್ರೆಗಳ ಸಂಖ್ಯೆಯೇ ಬಿಡಿಸುತ್ತದೆ: ಮೂರು ಮುದ್ರೆಗಳಿದ್ದರೆ ಮೊದಲನೆಯದು, ಒಂದೇ ವೃತ್ತವಾದರೆ ಎರಡನೆಯದು. ತಿಂಗಳ ಸಂಖ್ಯೆ ಓದುವುದು ಇನ್ನೂ ಸುಲಭ. ಒಂದು, ಎರಡು, ಮೂರಕ್ಕೆ ಅಷ್ಟೇ ಅಡ್ಡಗೆರೆಗಳು, ಹತ್ತಕ್ಕೆ ಕೂಡಿಸುವ ಚಿಹ್ನೆಯಂಥ ಗುರುತು. ಇವು ಹಳೆಯ ಚಾಂದ್ರಮಾನದ ತಿಂಗಳುಗಳು, ಜಪಾನು ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾದದ್ದು 1873ರಲ್ಲಿ; ಆದಕಾರಣ ಐದನೆಯ ತಿಂಗಳು ಎಂದಿರುವುದನ್ನು ಮೇ ಎಂದು ಬರೆಯಬಾರದು. ಒಸಾಕಾದ ಚಿತ್ರಗಳಲ್ಲಿ ಇಂಥ ಮುದ್ರೆಗಳು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ನಟ ಮತ್ತು ಪಾತ್ರ ಗೊತ್ತಾದ ಮೇಲೆ, ಆ ನಟ ಆ ಪಾತ್ರವನ್ನು ಯಾವಾಗ ಆಡಿದನೆಂಬುದನ್ನು ‘ಬಂಜುಕೆ’ ಎಂಬ ನಾಟಕದ ಕರಪತ್ರಗಳಿಂದ ಹುಡುಕಬೇಕು.

ಆದರೆ ಎಲ್ಲ ಚಿತ್ರಗಳೂ ನಿಜವಾಗಿ ನಡೆದ ಪ್ರದರ್ಶನವನ್ನು ತೋರಿಸುವುದಿಲ್ಲ. ನಾಟಕ ಶುರುವಾಗುವ ಮೊದಲೇ ಊಹೆಯಿಂದ ಬರೆದವು ಇವೆ. ‘ಮಿತಾತೆ’ ಎಂಬ ಕಲ್ಪಿತ ಪಾತ್ರಹಂಚಿಕೆಯ ಚಿತ್ರಗಳೂ ಇವೆ. ಕಲಾವಿದ ಕುನಿಸಾದಾ 1852ರಲ್ಲಿ ತೊಕಾಯ್ದೊ ಹೆದ್ದಾರಿಯ ಒಂದೊಂದು ತಂಗುದಾಣಕ್ಕೂ ಒಬ್ಬೊಬ್ಬ ನಟನನ್ನು ಜೋಡಿಸಿ ರಚಿಸಿದ ಸರಣಿಯಲ್ಲಿ ಆ ಹೊತ್ತಿಗೆ ತೀರಿಕೊಂಡಿದ್ದ ನಟರೂ ನಿಂತಿದ್ದಾರೆ. ಕರಪತ್ರದಲ್ಲಿ ಹೊಂದುವ ಪ್ರದರ್ಶನ ಸಿಗದಿದ್ದರೆ ಈ ಸಾಧ್ಯತೆಯನ್ನು ತೂಗಿನೋಡಿ.

ಕಲಾವಿದನ ಸಹಿಯಲ್ಲಿಯೂ ಹೆಸರಿನ ಪರಂಪರೆ ಕಾಡುತ್ತದೆ. ಕುನಿಸಾದಾ (1786–1865) 1844ರಿಂದ ಗುರುವಿನ ಹೆಸರಾದ ತೊಯೊಕುನಿ ಎಂದು ಸಹಿ ಹಾಕತೊಡಗಿದ, ಅದೂ ತಾನು ಎರಡನೆಯವನೆಂದು; ಅದಕ್ಕೂ ಮೊದಲು ಆ ಹೆಸರು ಧರಿಸಿದ್ದ ಇನ್ನೊಬ್ಬ ಶಿಷ್ಯನನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇಂದಿನ ವಿದ್ವಾಂಸರು ಅವನನ್ನು ಮೂರನೆಯ ತೊಯೊಕುನಿ ಎನ್ನುತ್ತಾರೆ. ಉದ್ದನೆಯ ಕೆಂಪು ಚೌಕಟ್ಟಿನೊಳಗೆ ತೊಯೊಕುನಿ ಎಂಬ ಸಹಿ ಇದ್ದರೆ ಅದು ಹೆಚ್ಚಾಗಿ ಇವನದೇ. 1825ರಲ್ಲಿ ತೀರಿಕೊಂಡ ಮೊದಲ ತೊಯೊಕುನಿಯ ಚಿತ್ರವೆಂದು ಅದನ್ನು ಭಾವಿಸಿ ಹೆಚ್ಚು ಬೆಲೆ ತೆರುವವರು ಈಗಲೂ ಇದ್ದಾರೆ.

ಒಂದು ಚಿತ್ರವನ್ನು ಓದಿ ನೋಡೋಣ

ಶರಾಕು ಎಂಬ ಕಲಾವಿದನ ಒಂದು ಓಬಾನ್ ಹಾಳೆಯನ್ನು ತೆಗೆದುಕೊಳ್ಳೋಣ. ಎದೆಮಟ್ಟದ ಚಿತ್ರ, ಹಿನ್ನೆಲೆ ಅಭ್ರಕದ ಪುಡಿ ಬೆರೆಸಿದ ಕಪ್ಪು, ಇಟ್ಟಿಗೆಗೆಂಪು ಮೇಲುಡುಪಿನಲ್ಲಿ ಮುಷ್ಟಿ ಹಿಡಿದ ವಯಸ್ಸಾದ ಗಂಡಸು, ಪಾತ್ರದ ಹೆಸರೂ ಇಲ್ಲ, ನಟನ ಹೆಸರೂ ಇಲ್ಲ. ಉಡುಪಿನ ಮೇಲಿನ ಮಿಮಾಸು ಇಚಿಕಾವಾ ವಂಶವನ್ನು ಹೇಳುತ್ತದೆ. ಕಿವಾಮೆ ಮುದ್ರೆ 1791ರ ಈಚಿನದೆಂದು ಹೇಳುತ್ತದೆ. ಫೂಜಿ ಶಿಖರದ ಕೆಳಗೆ ಐವಿ ಬಳ್ಳಿಯ ಎಲೆ ಇರುವ ಗುರುತು ಪ್ರಕಾಶಕ ತ್ಸುತಾಯಾ ಜೂಜಾಬುರೊನದು. ಶರಾಕು ಕೆಲಸ ಮಾಡಿದ್ದು 1794ರ ಐದನೆಯ ತಿಂಗಳಿನಿಂದ 1795ರ ಮೊದಲ ತಿಂಗಳವರೆಗೆ ಮಾತ್ರ. ಕಪ್ಪು ಅಭ್ರಕದ ಹಿನ್ನೆಲೆಯ ಇಪ್ಪತ್ತೆಂಟು ಹಾಳೆಗಳು ಅವನ ಮೊದಲ ಕಂತಿನವು, ಎಲ್ಲವೂ 1794ರ ಐದನೆಯ ತಿಂಗಳ ಪ್ರದರ್ಶನಗಳಿಗೆ ಸೇರಿದವು. ಆ ತಿಂಗಳು ರಂಗದ ಮೇಲಿದ್ದ ಇಚಿಕಾವಾ ವಂಶದ ಹಿರಿಯ ನಟನೆಂದರೆ ಎಬಿಜೊ, ಅಂದರೆ ಐದನೆಯ ದಂಜೂರೊ ಆಗಿದ್ದು ಹೆಸರು ಬದಲಿಸಿಕೊಂಡವನು. ಅವನು ಕವಾರಾಜಾಕಿ ರಂಗಮಂದಿರದ ನಾಟಕದಲ್ಲಿ ಆಡಿದ್ದು ತಾಕೆಮುರಾ ಸದಾನೊಶಿನ್ ಎಂಬ ಪಾತ್ರ, ಮಗಳ ತಪ್ಪಿಗೆ ತನ್ನ ಪ್ರಾಣವನ್ನೇ ತೆರುವ, ‘ನೋ’ ಎಂಬ ಜಪಾನೀ ನಾಟಕಪ್ರಕಾರದ ಗುರು.

ಈಗ ಮುಖವನ್ನು ನೋಡಿ. ಕೆಳಗೆ ಎಳೆದ ತುಟಿಯ ಕೊನೆಗಳು, ಒತ್ತಿ ಹಿಡಿದ ದವಡೆ, ಹಣೆಯ ಗೆರೆಗಳು ಇವೆಲ್ಲ ಆವರೆಗೆ ಬರಿಯ ವಿಕಾರವೆಂದು ತೋರಿದ್ದರೆ, ಈಗ ಅಲ್ಲಿ ಸಾಯಲು ನಿರ್ಧರಿಸಿದ ತಂದೆಯೂ ಐವತ್ತು ದಾಟಿದ ನಟನೂ ಒಟ್ಟಿಗೆ ಕಾಣುತ್ತಾರೆ. ಶರಾಕು ಪಾತ್ರದ ಹಿಂದೆ ನಟನನ್ನು ಬಚ್ಚಿಡುವುದಿಲ್ಲ; ನಲವತ್ತು ದಾಟಿದ ಮೂರನೆಯ ಕಿಕುನೊಜೊನ ಸ್ತ್ರೀವೇಷದಲ್ಲಿ ಗಂಡಸಿನ ದವಡೆ ಹಾಗೆಯೇ ಉಳಿದಿದೆ. ಅಭಿಮಾನಿಗಳು ಅಂಥ ಚಿತ್ರವನ್ನು ಕೊಂಡು ಗೋಡೆಗೆ ಹಚ್ಚಲು ಇಷ್ಟಪಟ್ಟಿರಲಾರರು. ಅದೇ ವರ್ಷ ಮೊದಲ ತೊಯೊಕುನಿ ಆರಂಭಿಸಿದ ಪೂರ್ಣಾಕೃತಿಯ ಸರಣಿಯಲ್ಲಿ ನಟರು ಸುಂದರರಾಗಿಯೇ ಇದ್ದಾರೆ. ಮುಂದಿನ ಎಪ್ಪತ್ತು ವರ್ಷ ಪೇಟೆಯನ್ನು ಆಳಿದ್ದು ಅವನ ಉತಾಗಾವ ಪರಂಪರೆ.

ಹೋಲಿಕೆಯನ್ನು ಹಿಡಿಯುವ ಪದ್ಧತಿ ಶರಾಕುವಿನಿಂದ ಶುರುವಾದದ್ದಲ್ಲ. ಹದಿನೆಂಟನೆಯ ಶತಮಾನದ ಆರಂಭದ ತೊರಿಯ್ ಮನೆತನದ ಚಿತ್ರಗಳಲ್ಲಿ ಸೋರೆಕಾಯಿಯಂತೆ ಉಬ್ಬಿದ ಕಾಲುಗಳಿಗೂ ಎರೆಹುಳುವಿನಂತೆ ಹೊರಳುವ ಗೆರೆಗಳಿಗೂ ಇರುವ ಮಹತ್ವ ಮುಖಕ್ಕಿಲ್ಲ. ಅಲ್ಲಿ ಲಾಂಛನ ಅಳಿಸಿದರೆ ಒಬ್ಬ ನಟನಿಗೂ ಇನ್ನೊಬ್ಬನಿಗೂ ವ್ಯತ್ಯಾಸವೇ ತಿಳಿಯದು. 1760ರ ದಶಕದ ಕೊನೆಯಲ್ಲಿ ಕಾತ್ಸುಕಾವಾ ಶುನ್‌ಶೊ ಮತ್ತು ಇಪ್ಪಿತ್ಸುಸಾಯ್ ಬುಂಚೊ ಪ್ರತಿ ನಟನಿಗೂ ಅವನದೇ ಮೂಗು, ಅವನದೇ ಗಲ್ಲ ಕೊಟ್ಟರು. ಹತ್ತೊಂಬತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಈ ಹೋಲಿಕೆಗಳೇ ಸಿದ್ಧ ಗುರುತುಗಳಾದವು: ಉದ್ದ ಕೊಕ್ಕೆ ಮೂಗು ಕಂಡರೆ ಐದನೆಯ ಮಾತ್ಸುಮೊತೊ ಕೊಶಿರೊ, ಸ್ತ್ರೀವೇಷದಲ್ಲಿ ಹೊಳೆಯುವ ದೊಡ್ಡ ಕಣ್ಣುಗಳು ಕಂಡರೆ ಐದನೆಯ ಇವಾಯ್ ಹನ್‌ಶಿರೊ.

ಮೂಲವೋ ಮರುಮುದ್ರಣವೋ

ಕೊಳ್ಳುವ ಯೋಚನೆ ಇದ್ದವರು ಭೂತಗನ್ನಡಿ ಹಿಡಿಯಬೇಕು. ಬಣ್ಣವು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಯಂತ್ರದ ಮುದ್ರಣ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಮರದಚ್ಚಿನಲ್ಲಿ ಬಣ್ಣ ಕಾಗದದ ನಾರಿನೊಳಗೆ ಇಳಿದಿರುತ್ತದೆ, ಹಾಳೆಯನ್ನು ತಿರುವಿದರೆ ಹಿಂಬದಿಯಲ್ಲಿಯೂ ಬಣ್ಣ ಇಣುಕುತ್ತದೆ, ಕೈಯಿಂದ ಉಜ್ಜಿದ ‘ಬರೆನ್’ ಎಂಬ ಉಪಕರಣದ ಸುತ್ತುಗೆರೆಗಳೂ ಕಾಣಬಹುದು. ಆದರೆ ಇಷ್ಟರಿಂದ ಹಳೆಯದೆಂದು ತೀರ್ಮಾನಿಸಲಾಗದು. ಶರಾಕುವಿನ ಚಿತ್ರಗಳನ್ನು ಅದೇ ವಿಧಾನದಲ್ಲಿ ಚೆರ್ರಿ ಮರದಲ್ಲಿ ಹೊಸದಾಗಿ ಕೆತ್ತಿ ಮುದ್ರಿಸುವ ಕಾರ್ಯಾಗಾರ ಟೋಕಿಯೊದಲ್ಲಿ ಇಂದಿಗೂ ಇದೆ. ಅವು ಪ್ರಾಮಾಣಿಕವಾದ ಮರುಮುದ್ರಣಗಳು, ಗೋಡೆಗೆ ಹಾಕಿಕೊಳ್ಳಲು ಉತ್ತಮ ಆಯ್ಕೆಯೂ ಹೌದು. ಹಳೆಯದೆಂದು ಮಾರುವಾಗ ಮಾತ್ರ ಮೋಸವಾಗುತ್ತದೆ.

ಬಣ್ಣಗಳು ಒಳ್ಳೆಯ ಸಾಕ್ಷಿ. ಪ್ರಷ್ಯನ್ ನೀಲಿ ಈ ಚಿತ್ರಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು 1830ರ ಆಸುಪಾಸಿನಲ್ಲಿ. ಕಣ್ಣು ಕುಕ್ಕುವ ರಾಸಾಯನಿಕ ನೇರಳೆ ಮತ್ತು ಕೆಂಪು 1860ರ ದಶಕದ ನಂತರದವು, ಕುನಿಚಿಕಾನ (1835–1900) ಚಿತ್ರಗಳಲ್ಲಿ ಅವು ತುಂಬಿವೆ. ಶುನ್‌ಶೊನ ಕಾಲದ ಸಸ್ಯಜನ್ಯ ನೀಲಿ ಬೆಳಕಿಗೆ ಮಾಸಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ, ಕುಸುಬೆಯ ಗುಲಾಬಿ ಬಹುಪಾಲು ಹಾರಿಹೋಗುತ್ತದೆ, ಸೀಸದ ಕಿತ್ತಳೆ ಕಪ್ಪಾಗುತ್ತದೆ. 1770ರ ಚಿತ್ರವೆಂದು ತೋರಿಸಿದ ಹಾಳೆಯಲ್ಲಿ ಎಲ್ಲ ಬಣ್ಣವೂ ನಿನ್ನೆ ಹಚ್ಚಿದಂತಿದ್ದರೆ ಸಂಶಯಪಡುವುದೇ ಸರಿ. ಅಚ್ಚು ಎಷ್ಟು ಸವೆದಿತ್ತೆಂಬುದನ್ನು ಕಿವಿಯ ಮುಂದಿನ ಕೂದಲಿನ ಗೆರೆಗಳಲ್ಲಿ ನೋಡಬೇಕು. ಮೊದಲ ಪ್ರತಿಗಳಲ್ಲಿ ಒಂದೊಂದು ಎಳೆಯೂ ಬಿಡಿಬಿಡಿಯಾಗಿರುತ್ತದೆ, ಕೊನೆಯ ಪ್ರತಿಗಳಲ್ಲಿ ಅಂಟಿಕೊಂಡು ಕಪ್ಪು ತೇಪೆಯಾಗಿರುತ್ತದೆ. ಕಪ್ಪು ಉಡುಪಿನ ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡುವುದನ್ನು ಮರೆಯಬಾರದು; ಮೇಲಿನಿಂದ ಉಜ್ಜಿ ಮೂಡಿಸಿದ ಹೊಳಪಿನ ನೇಯ್ಗೆ ಆಗ ಮಾತ್ರ ಎದ್ದು ಬರುತ್ತದೆ, ಯಾವ ಛಾಯಾಚಿತ್ರವೂ ಅದನ್ನು ಸರಿಯಾಗಿ ತೋರಿಸದು.

ಆರಂಭಿಸುವವರಿಗೆ ಕುನಿಸಾದಾ ಮತ್ತು ಕುನಿಚಿಕಾರ ಬಿಡಿ ಹಾಳೆಗಳು ಅನುಕೂಲ. ಹೇರಳವಾಗಿ ಉಳಿದಿರುವುದರಿಂದ ಬೆಲೆಯೂ ಶರಾಕುವಿನಂತೆ ಗಗನಕ್ಕೇರಿಲ್ಲ, ಮುದ್ರೆಗಳನ್ನು ಓದುವ ಅಭ್ಯಾಸಕ್ಕೂ ಅವೇ ಒಳ್ಳೆಯವು. ತಿಳಿನೀಲಿ ಉಡುಪಿನ ನಟ, ಪಕ್ಕದಲ್ಲಿ ಸತ್ತ ದಿನ, ವಯಸ್ಸು ಮತ್ತು ಮರಣೋತ್ತರ ಹೆಸರು ಇದ್ದರೆ ಅದು ‘ಶಿನಿ-ಎ’, ಅಂದರೆ ಸ್ಮರಣೆಯ ಚಿತ್ರ. 1854ರಲ್ಲಿ ಎಂಟನೆಯ ದಂಜೂರೊ ಒಸಾಕಾದಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ಇಂಥವು ನೂರಕ್ಕೂ ಹೆಚ್ಚು ಬಗೆಯಲ್ಲಿ ಹೊರಬಂದವು. ಅವಸರದಲ್ಲಿ ಮುದ್ರಿಸಿದ ಅನೇಕ ಹಾಳೆಗಳಲ್ಲಿ ಸಹಿಯೂ ಇಲ್ಲ, ಪರಿಶೀಲನೆಯ ಮುದ್ರೆಯೂ ಇಲ್ಲ, ಆದರೂ ದಿನಾಂಕ ಅಲ್ಲಿಯೇ ಬರೆದಿರುವುದರಿಂದ ಕಾಲನಿರ್ಣಯಕ್ಕೆ ತೊಂದರೆಯಿಲ್ಲ.

ಕೊಂಡ ಹಾಳೆಯನ್ನು ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ, ಕತ್ತಲಲ್ಲಿ ಇಡಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ತೇವದಿಂದ ಬೂಷ್ಟು ಹಿಡಿಯುವ ಅಪಾಯ ಹೆಚ್ಚು. ಹೊರಗೋಡೆಗೆ ತಾಗಿದ ಕಪಾಟು ಬೇಡ, ವರ್ಷಕ್ಕೆ ಒಂದೆರಡು ಸಲ ಒಣ ಹವೆಯ ದಿನ ತೆಗೆದು ಹುಳು ಹಿಡಿದಿದೆಯೇ ಎಂದು ನೋಡುವುದು ಒಳಿತು. ಲ್ಯಾಮಿನೇಷನ್ ಮಾಡಿಸಲೇಬಾರದು. ಚೌಕಟ್ಟು ಹಾಕಿಸುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಇರಬೇಕು. ಹಾಳೆಯನ್ನು ಸೆಲ್ಲೊಟೇಪಿನಿಂದ ಅಂಟಿಸದೆ, ಮೇಲಂಚಿನಲ್ಲಿ ಮಾತ್ರ ತೆಳು ಜಪಾನೀ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯಿಂದ ಹಚ್ಚಿ ತೂಗುಬಿಡಬೇಕು. ಗೋಧಿ ಗಂಜಿ ನೀರಿಗೆ ಬಿಟ್ಟುಕೊಳ್ಳುವುದರಿಂದ ಮುಂದೆ ಹಾಳೆಯನ್ನು ಹಾನಿಯಿಲ್ಲದೆ ಬಿಡಿಸಬಹುದು.